ಓದುಗರ ಪ್ರಶ್ನೆ: ಧ್ರುವದ ಹಿಮ, ನಮ್ಮ ಕಡಲು

ಪ್ರಶ್ನೆ: ಲೋಟದ ನೀರಿನಲ್ಲಿ ತೇಲುವ ಐಸ್ ಕರಗಿದರೆ ನೀರಿನ ಮಟ್ಟ ಏರುವುದಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಧ್ರುವದ ಹಿಮ ಕರಗಿ ಸಮುದ್ರ ಏರುವುದು ಹೇಗೆ? (ಪಿಯು ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ನೀವು ಓದಿದ್ದು ಸರಿ, ಆದರೆ ಅದು ಸಿಹಿನೀರಿನ ಮಾತು. ಸಮುದ್ರದ ಉಪ್ಪುನೀರು ಹೆಚ್ಚು ಸಾಂದ್ರ. ಅದರಲ್ಲಿ ಐಸ್ ತುಸು ಮೇಲೆದ್ದು ತೇಲುತ್ತದೆ, ಕರಗಿದಾಗ ಮಟ್ಟ ಕೊಂಚ ಏರುತ್ತದೆ.

ಮನೆಯಲ್ಲೇ ಮಾಡಿ ನೋಡಿ. 5 ಸೆಂ.ಮೀ. ಅಗಲ, 16 ಸೆಂ.ಮೀ.ಗಿಂತ ಎತ್ತರದ ಎರಡು ಗಾಜಿನ ಲೋಟಗಳಿಗೆ ತಲಾ 200 ಮಿ.ಲೀ. ನೀರು ಹಾಕಿ. ಒಂದಕ್ಕೆ 7 ಗ್ರಾಂ ಉಪ್ಪು ಕದಡಿ. ಎರಡಕ್ಕೂ 100 ಗ್ರಾಂ ಸಣ್ಣ ಐಸ್ ತುಂಡು ಹಾಕಿ, ಕೂಡಲೇ ಮಟ್ಟ ಗುರುತಿಸಿ, ತಟ್ಟೆ ಮುಚ್ಚಿ. ಎಲ್ಲ ಕರಗಿ ನೀರಿನ ತಣುಪು ಹೋದ ಮೇಲೆ ನೋಡಿದರೆ ಸಿಹಿನೀರು ಗುರುತಿನಲ್ಲೇ ಇರುತ್ತದೆ, ಉಪ್ಪುನೀರು 1 ಮಿ.ಮೀ.ನಷ್ಟು ಮೇಲೆ ಬಂದಿರುತ್ತದೆ. ಐಸ್ ಲೋಟದ ತಳ ಮುಟ್ಟಿದರೆ ಪ್ರಯೋಗ ಕೆಡುತ್ತದೆ. ಅಗಲ ಪಾತ್ರೆ ಬಳಸಿದರೆ ಏರಿದ್ದು ಕಣ್ಣಿಗೆ ಬೀಳುವುದಿಲ್ಲ.

ಸಮುದ್ರವನ್ನು ನಿಜವಾಗಿ ಏರಿಸುವುದು ನೆಲದ ಮೇಲೆ ಕುಳಿತ ಹಿಮ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ಹಿಮ ಕರಗಿ ಹರಿದರೂ ಮುರಿದು ಬಿದ್ದರೂ ಕಡಲಿಗೆ ಹೊಸ ನೀರು ಸೇರಿದಂತೆ. ಸುಮಾರು 36 ಸಾವಿರ ಕೋಟಿ ಟನ್ ಸೇರಿದರೆ ಜಗತ್ತಿನ ಸಮುದ್ರಮಟ್ಟ 1 ಮಿ.ಮೀ. ಏರುತ್ತದೆ. ಇದರ ಜೊತೆಗೆ ಬಿಸಿಯಾದ ನೀರು ಹಿಗ್ಗುವುದೂ ಇದೆ. ಭೂಮಿಯಲ್ಲಿ ಶೇಖರವಾಗುತ್ತಿರುವ ಹೆಚ್ಚುವರಿ ಶಾಖದಲ್ಲಿ ಶೇ 90ರಷ್ಟನ್ನು ನುಂಗುತ್ತಿರುವುದು ಸಮುದ್ರವೇ.

ಹಾಗೆಂದು ಆರ್ಕ್ಟಿಕ್‌ನ ತೇಲುವ ಹಿಮ ಹೋದರೆ ಹೋಗಲಿ ಎನ್ನುವಂತಿಲ್ಲ. ಹೊಸ ಹಿಮ ಹೊದ್ದ ಬಿಳಿ ಹಾಸು ಬಿಸಿಲಿನ ಶೇ 80ಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಅದು ಕರಗಿ ಕಪ್ಪು ನೀರು ತೆರೆದುಕೊಂಡರೆ ಶೇ 90ಕ್ಕೂ ಹೆಚ್ಚು ಒಳಗೇ ಉಳಿಯುತ್ತದೆ, ಆ ಬಿಸಿ ಪಕ್ಕದ ಹಿಮವನ್ನೂ ತಿನ್ನುತ್ತದೆ. 1979ರಿಂದ ನಡೆದಿರುವ ಉಪಗ್ರಹ ಅಳತೆಯಲ್ಲಿ ಅತಿ ಕಡಿಮೆ ಹಿಮ ಕಂಡಿದ್ದು 2012ರ ಸೆಪ್ಟೆಂಬರ್‌ನಲ್ಲಿ, ಸುಮಾರು 34 ಲಕ್ಷ ಚದರ ಕಿ.ಮೀ.

ಪ್ರಶ್ನೆ: ಅಂಟಾರ್ಕ್ಟಿಕಾದ ಬಹುಭಾಗದಲ್ಲಿ ಬೇಸಿಗೆಯಲ್ಲೂ ಉಷ್ಣಾಂಶ ಸೊನ್ನೆಗಿಂತ ಕೆಳಗೇ ಇರುತ್ತದೆ. ಅಲ್ಲಿ ಹಿಮ ಹೇಗೆ ಕರಗುತ್ತದೆ? (ನಿವೃತ್ತ ಶಿಕ್ಷಕರು, ಶಿರಸಿ)

ಉತ್ತರ: ಮುಖ್ಯವಾಗಿ ಕೆಳಗಿನಿಂದ. ಹಿಮನದಿಗಳು ಕಡಲಿಗಿಳಿಯುವಲ್ಲಿ ಅವುಗಳ ಮೂತಿ ನೂರಾರು ಮೀಟರ್ ದಪ್ಪದ ಚಪ್ಪರದಂತೆ ನೀರಿನ ಮೇಲೆ ಚಾಚಿರುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಅಡಿಗೆ ಸಮುದ್ರತಳದ ಕಣಿವೆಗಳ ಮೂಲಕ ನುಗ್ಗುವ ಆಳದ ನೀರು ಸುಮಾರು 1 ಡಿಗ್ರಿ ಸೆಲ್ಸಿಯಸ್. ನಮಗೆ ಅದು ಕೊರೆಯುವ ತಂಪು, ಹಿಮಕ್ಕೆ ಅದೇ ಬಿಸಿ. ಸಮುದ್ರದ ನೀರು ಮೇಲ್ಮೈಯಲ್ಲಿ ಹೆಪ್ಪುಗಟ್ಟುವುದು -1.9 ಡಿಗ್ರಿಯಲ್ಲಿ, ಒಂದು ಕಿ.ಮೀ. ಆಳದಲ್ಲಿ ಒತ್ತಡದಿಂದಾಗಿ ಅದು ಮುಕ್ಕಾಲು ಡಿಗ್ರಿ ಇನ್ನೂ ಇಳಿಯುತ್ತದೆ. ಹೀಗಾಗಿ ಅಲ್ಲಿನ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಮೂರು ಡಿಗ್ರಿಗೂ ಹೆಚ್ಚು ಬಿಸಿ.

ಥ್ವೇಟ್ಸ್ ಕುಳಿತ ಬಂಡೆ ಒಳನಾಡಿನತ್ತ ಹೋದಂತೆ ಆಳವಾಗುತ್ತದೆ, ನಮ್ಮನ್ನು ಹೆಚ್ಚು ಕಾಡುವ ಸಂಗತಿ ಇದೇ. ಹಿಮ ಹಿಂದೆ ಸರಿದಷ್ಟೂ ನೀರಿಗೆ ದಪ್ಪನೆಯ ಅಂಚು ಸಿಗುತ್ತದೆ. ಇನ್ನು ಮೇಲಿನಿಂದ ಕರಗುವುದೂ ಇಲ್ಲದಿಲ್ಲ. 2002ರಲ್ಲಿ ಲಾರ್ಸೆನ್ ಬಿ ಎಂಬ ತೇಲುವ ಹಿಮಹಾಸಿನ ಮೇಲೆ ನಿಂತ ಕರಗುನೀರು ಬಿರುಕುಗಳಿಗಿಳಿದು ಸೀಳಿ, ಸುಮಾರು 3,250 ಚದರ ಕಿ.ಮೀ. ಹಿಮ ಕೆಲವೇ ವಾರಗಳಲ್ಲಿ ಪುಡಿಯಾಯಿತು. ತೇಲುತ್ತಿದ್ದ ಆ ಹಿಮದಿಂದ ಸಮುದ್ರ ಏರಿದ್ದು ತೀರಾ ಅಲ್ಪ. ಆದರೆ ಅದು ತಡೆದು ನಿಲ್ಲಿಸಿದ್ದ ಹಿಂದಿನ ಹಿಮನದಿಗಳು ಕಡಲಿನತ್ತ ಹಲವು ಪಟ್ಟು ವೇಗವಾಗಿ ಹರಿಯತೊಡಗಿದವು.

ಪ್ರಶ್ನೆ: ಧ್ರುವದ ಹಿಮದಲ್ಲೂ ಪ್ಲಾಸ್ಟಿಕ್ ಇದೆಯಂತೆ, ನಿಜವೇ? (ಗೃಹಿಣಿ, ಮೈಸೂರು)

ಉತ್ತರ: ನಿಜ. ಸಮುದ್ರ ಹೆಪ್ಪುಗಟ್ಟುವಾಗ ನೀರಿನಲ್ಲಿದ್ದ ಕಣಗಳು ಹಿಮದೊಳಗೆ ಸಿಕ್ಕಿಕೊಳ್ಳುತ್ತವೆ. ಗಾಳಿಯಲ್ಲಿ ಬಂದ ಬಟ್ಟೆಯ ನೂಲು, ಟೈರಿನ ಪುಡಿ ಮೇಲಿಂದ ಬೀಳುತ್ತವೆ. ಆದರೆ ಹಿಮ ಕರಗಿಸುವ ಕೆಲಸಕ್ಕೆ ನೇರವಾಗಿ ಕೈಹಾಕುವುದು ಹೊಗೆಯ ಮಸಿ. ಅದು ಹಿಮವನ್ನು ಕಪ್ಪಾಗಿಸಿ ಬಿಸಿಲು ಹೀರಿಸುತ್ತದೆ. ಆರ್ಕ್ಟಿಕ್‌ನಲ್ಲಿ ಹಡಗುಗಳು ಮಸಿಯುಗುಳುವ ಭಾರೀ ಇಂಧನ ತೈಲ ಉರಿಸಬಾರದೆಂಬ ನಿಯಮ 2024ರ ಜುಲೈನಿಂದ ಜಾರಿಗೆ ಬಂದಿದೆ. ಕೆಲವು ಹಡಗುಗಳಿಗೆ 2029ರವರೆಗೆ ವಿನಾಯಿತಿ ಕೊಟ್ಟಿರುವುದು ಸರಿಯಲ್ಲ.

ಪ್ರಶ್ನೆ: ಉಳ್ಳಾಲದ ಕಡಲ್ಕೊರೆತಕ್ಕೆ ಧ್ರುವದ ಹಿಮವೇ ಕಾರಣವೇ? (ಮೀನುಗಾರರು, ಮಂಗಳೂರು)

ಉತ್ತರ: ಅದೊಂದೇ ಅಲ್ಲ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂ.ಮೀ. ಏರಿದೆ. ಮೇಲಾಗಿ ಗ್ರೀನ್‌ಲ್ಯಾಂಡ್ ಹಿಮ ಕಳೆದುಕೊಂಡಂತೆ ಅದರ ಗುರುತ್ವದ ಸೆಳೆತ ಕುಗ್ಗಿ, ನೀರು ಅಲ್ಲಿಂದ ಸರಿದು ನಮ್ಮಂಥ ದೂರದ ಕಡಲಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ಅಲೆಗಳು ಈಗ ಈ ಎತ್ತರದಿಂದಲೇ ಹೊಡೆಯುತ್ತಿವೆ. ಆದರೆ ದಂಡೆ ಇಷ್ಟು ಬೇಗ ಕರಗುವುದಕ್ಕೆ ಸ್ಥಳೀಯ ಕಾರಣಗಳೂ ಇವೆ. ಅಳಿವೆಯ ತಡೆಗೋಡೆಗಳು ದಂಡೆಯುದ್ದಕ್ಕೂ ಸಾಗುವ ಮರಳಿಗೆ ಅಡ್ಡಿ. ನದಿಯ ಅಣೆಕಟ್ಟು, ಮರಳುಗಾರಿಕೆಯಿಂದ ಕಡಲಿಗೆ ಬರುವ ಮರಳೂ ಕಡಿಮೆ. ಕಲ್ಲು ಸುರಿದ ಕಡೆ ಅಲೆ ಗೋಡೆಗೆ ಬಡಿದು ಬುಡದ ಮರಳನ್ನೇ ಕೆದಕುತ್ತದೆ, ಗೋಡೆ ಮುಗಿಯುವಲ್ಲಿ ಪಕ್ಕದವರ ದಂಡೆ ಹೋಗುತ್ತದೆ.

ನಿಮ್ಮ ದಂಡೆ ನಿಜವಾಗಿ ಸವೆಯುತ್ತಿದೆಯೇ ಎಂದು ತಿಳಿಯಲು ಕದಲದ ಗುರುತೊಂದನ್ನು, ಬಾವಿಕಟ್ಟೆಯನ್ನೋ ಕಂಬವನ್ನೋ, ಆರಿಸಿಕೊಂಡು ಅಲ್ಲಿಂದ ಭರತದ ಗೆರೆಯವರೆಗೆ ಟೇಪು ಹಿಡಿದು ಅಳೆಯಿರಿ. ಪ್ರತಿವರ್ಷ ಮೇ ಮೊದಲ ವಾರ, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ಬಿಟ್ಟು ಅಳೆದರೆ ಸಾಕು. ಮಳೆಗಾಲದ ಅಲೆ ಒಯ್ದ ಮರಳಿನಲ್ಲಿ ಬಹುಪಾಲು ಬೇಸಿಗೆಗೆ ಮರಳಿ ಬರುವುದರಿಂದ ಮೇ ಅಳತೆಯನ್ನು ಆಗಸ್ಟ್ ಅಳತೆಯ ಜೊತೆ ಹೋಲಿಸಬೇಡಿ.