ಗೈಡ್ ಅರ್ಧ ದಿನಕ್ಕೆ ಸಾಕು

ರೋಮ್‌ಗೆ ಹೋಗಿಬಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗ ಇಲ್ಲ, ಸಾರಾಂಶ ಇಷ್ಟು. ಜುಲೈ ತಿಂಗಳು. ಗಂಡ, ಹೆಂಡತಿ, ಎಪ್ಪತ್ತು ದಾಟಿದ ಅತ್ತೆ, ಎಂಟನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಗೈಡ್ ಜೊತೆ ವಾಕಿಂಗ್ ಟೂರ್. ಕೊಲೋಸಿಯಂ, ಫೋರಂ, ಪ್ಯಾಲಟೈನ್ ಬೆಟ್ಟ, ಪಿಯಾಜ್ಜಾ ನವೋನಾ ಚೌಕ, ಹಳೇ ದೇವಾಲಯ ಪ್ಯಾಂಥಿಯನ್, ಟ್ರೆವಿ ಕಾರಂಜಿ, ಸ್ಪ್ಯಾನಿಷ್ ಮೆಟ್ಟಿಲು, ಎಲ್ಲಾ ಒಂದೇ ದಿನದಲ್ಲಿ. "ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ಮಂಡಿ ನೋವು, ಮಗ ನೀರು ನೀರು ಅಂತ ಅಳು, ನನಗೂ ನಮ್ಮವರಿಗೂ ಜಗಳ. ಕೊನೆಗೆ ಅತ್ತೆ ಮೆಟ್ಟಿಲ ಮೇಲೆ ಕೂತರೆ ಪೊಲೀಸರು ವಿಸಿಲ್ ಹಾಕಿ ಎಬ್ಬಿಸಿದರು. ಇಷ್ಟು ದುಡ್ಡು ಕೊಟ್ಟು ಇದೆಲ್ಲಾ ಬೇಕಿತ್ತಾ? ಸುಮ್ನೆ ಬಸ್ಸಲ್ಲಿ ಸುತ್ತಿದ್ದರೆ ಆಗ್ತಿತ್ತಾ? ಮುಂದಿನ ವರ್ಷ ಇನ್ನೊಂದು ಊರಿಗೆ ಹೋಗುವ ಯೋಚನೆ ಇದೆ. ಗೈಡ್ ಟೂರ್ ತಗೊಳ್ಳೋದಾ ಬೇಡ್ವಾ, ನೇರವಾಗಿ ಹೇಳಿ" ಅಂತ ಕೇಳಿದ್ದಾರೆ. ಜೊತೆಗೆ ಮೂರ್ನಾಲ್ಕು ಬಿಡಿ ಪ್ರಶ್ನೆಗಳೂ ಇವೆ.

ನೇರವಾಗಿಯೇ ಹೇಳುತ್ತೇನೆ ಮೇಡಂ. ತಗೊಳ್ಳಿ. ಆದರೆ ಇಡೀ ದಿನಕ್ಕಲ್ಲ, ಬೆಳಗಿನ ಎರಡು-ಮೂರು ಗಂಟೆಗೆ ಮಾತ್ರ. ಅದೂ ಎಲ್ಲಾ ಕಡೆಗಲ್ಲ, ಹೇಳದೇ ಹೋದರೆ ಏನೂ ಕಾಣದ ಜಾಗಕ್ಕೆ. ರೋಮ್‌ನಲ್ಲಿ ಅಂಥ ಜಾಗ ಅಂದರೆ ಫೋರಂ, ಹಳೇ ರೋಮ್‌ನ ನಡುಚೌಕ.

ನೀವೇ ಬರೆದಿದ್ದೀರಿ, "ಫೋರಂ ಅಂದರೆ ಬಿಸಿಲಲ್ಲಿ ಬಿದ್ದಿರೋ ಕಲ್ಲು, ಅಷ್ಟೇ" ಅಂತ. ಸರಿಯಾಗೇ ಇದೆ. ಗೈಡ್ ಇಲ್ಲದೆ ಹೋದರೆ ಅದು ಅಷ್ಟೇ, ಗೈಡ್ ಇದ್ದೂ ನೀವು ಗುಂಪಿನ ಹಿಂದೆ ಸಿಕ್ಕಿಕೊಂಡಿದ್ದರೆ ಆಗಲೂ ಅಷ್ಟೇ. ಅಲ್ಲಿ ಆಂಟೊನೈನಸ್ ಮತ್ತು ಫೌಸ್ಟಿನಾ ದೇವಾಲಯ ಅಂತ ಇದೆ, ಕ್ರಿ.ಶ. 141ರಲ್ಲಿ ಶುರುವಾದದ್ದು, ಎದುರಿಗೆ ದಪ್ಪ ಕಂಬಗಳು. ಆಮೇಲೆ ಅದರೊಳಗೇ ಒಂದು ಚರ್ಚು ಕಟ್ಟಿದರು. ಆ ಚರ್ಚಿನ ಬಾಗಿಲು ನೋಡಿದರೆ ತಲೆ ಕೆಡುತ್ತದೆ. ನೆಲದಿಂದ ಎಷ್ಟೋ ಮೇಲೆ, ಯಾರೂ ಹತ್ತಿ ಹೋಗಲಾಗದ ಕಡೆ ಇದೆ. ಯಾಕೆ ಅಂದರೆ ಬಾಗಿಲು ಇಟ್ಟ ಕಾಲಕ್ಕೆ ನೆಲವೇ ಅಷ್ಟು ಮೇಲಿತ್ತು. ಇಡೀ ಫೋರಂ ಮಣ್ಣಿನಡಿ ಹೂತುಹೋಗಿತ್ತು, ಅದರ ಮೇಲೆ ದನ ಮೇಯುತ್ತಿದ್ದವು, ಜಾಗದ ಹೆಸರೂ ದನದ ಬಯಲು ಅಂತಲೇ ಆಗಿತ್ತು. ಅಗೆದು ತೆಗೆದದ್ದು ಬಹುಪಾಲು 19ನೇ ಶತಮಾನದಿಂದ ಈಚೆಗೆ. ಒಬ್ಬರು ನಿಂತು ಆ ಬಾಗಿಲು ತೋರಿಸಿ ಇಷ್ಟು ಹೇಳಿದರೆ ಸಾಕು, ನಿಮ್ಮ ಮಗನಿಗೆ ಉಳಿದ ಕಲ್ಲುಗಳೂ ಕಾಣೋಕೆ ಶುರುವಾಗುತ್ತವೆ.

ಅಲ್ಲೇ ಹತ್ತಿರ ಜೂಲಿಯಾ ಬೆಸಿಲಿಕಾದ ಮೆಟ್ಟಿಲುಗಳಿವೆ. ಅದು ಕೋರ್ಟು ನಡೆಯುತ್ತಿದ್ದ ಕಟ್ಟಡ. ಕಲ್ಲಿನ ಮೇಲೆ ಗೀಚಿದ ಮನೆಗಳು, ಗೆರೆಗಳು, ದುಂಡಗಿನ ಗುರುತುಗಳು ಈಗಲೂ ಕಾಣುತ್ತವೆ. ಹೊರಗೆ ಹೊತ್ತು ಕಳೆಯುತ್ತಿದ್ದವರು ಆಟಕ್ಕೆ ಕೊರೆದುಕೊಂಡ ಮನೆಗಳು ಅವು. ಮಕ್ಕಳಿಗೆ ಚಕ್ರವರ್ತಿಗಳ ವಂಶಾವಳಿಗಿಂತ ಇದು ಎಷ್ಟೋ ಮೇಲು ಅಲ್ವಾ? ಸೀಸರನ ದೇಹ ಸುಟ್ಟ ಜಾಗ ಒಂದು ಸಣ್ಣ ಮಾಡಿನ ಕೆಳಗಿದೆ, ಜನ ಇಂದಿಗೂ ಹೂವಿಟ್ಟು ಹೋಗುತ್ತಾರೆ. ಇದನ್ನೆಲ್ಲಾ ತೋರಿಸುವುದಕ್ಕೆ ಗೈಡ್ ಬೇಕು, ದುಡ್ಡು ಕೊಡಬೇಕಾದದ್ದು ಇದಕ್ಕೆ. ಟ್ರೆವಿ ಕಾರಂಜಿ ಎದುರು ನಿಂತು "ಇದು ಟ್ರೆವಿ ಕಾರಂಜಿ" ಅನ್ನುವುದಕ್ಕಲ್ಲ.

ಈಗ ಅತ್ತೆಯವರ ಮಂಡಿ ವಿಚಾರ. ನೀವು "ಅಷ್ಟು ದೂರ ನಡೆಸಿದರು" ಅಂತ ಟೂರಿನವರನ್ನು ಬೈದಿದ್ದೀರಿ. ನಕ್ಷೆ ನೋಡಿ. ಕೊಲೋಸಿಯಂನಿಂದ ಸ್ಪ್ಯಾನಿಷ್ ಮೆಟ್ಟಿಲಿಗೆ ನೇರವಾಗಿ ನಡೆದರೆ ಎರಡೂವರೆ ಕಿಲೋಮೀಟರ್ ಆಸುಪಾಸು, ಒಳಗಿನ ಸುತ್ತಾಟ ಸೇರಿಸಿದರೂ ಎಂಟು ಗಂಟೆಗೆ ಹಂಚಿದರೆ ಅದೇನು ದೊಡ್ಡ ನಡಿಗೆ ಅಲ್ಲ. ಮಂಡಿ ಹಿಡಿದದ್ದು ನಡೆದು ಅಲ್ಲ, ನಿಂತು. ಗೈಡ್ ಮಾತಾಡುವಾಗೆಲ್ಲಾ ನಿಲ್ಲಬೇಕು. ಒಂದೊಂದು ಕಡೆ ಹತ್ತು ನಿಮಿಷ, ಬಿಸಿಲು, ಕೂರೋಕೆ ಜಾಗ ಇಲ್ಲ, ಒರಗೋಕೆ ಗೋಡೆ ಇಲ್ಲ. ವಯಸ್ಸಾದವರಿಗೆ ಹೀಗೆ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ, ಅವರು ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಇದರ ಜೊತೆಗೆ ರೋಮ್‌ನ ನೆಲ. ಬೀದಿಗಳಲ್ಲಿ ಕಪ್ಪು ಕಲ್ಲಿನ ಸಣ್ಣ ಸಣ್ಣ ತುಂಡುಗಳು, ನಡುವೆ ಸಂದು. ಫೋರಂ ಒಳಗೆ ದೊಡ್ಡ ಚಪ್ಪಡಿ, ಒಂದು ಮೇಲೆ ಒಂದು ಕೆಳಗೆ. ಹೆಜ್ಜೆ ಹೆಜ್ಜೆಗೂ ಕಾಲು ತಿರುಚುತ್ತದೆ. ಹಾಗಾಗಿ ಟೂರ್ ಬುಕ್ ಮಾಡುವಾಗ ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ. ಎಲ್ಲೆಲ್ಲಿ ಕೂರಬಹುದು, ಎಷ್ಟೆಷ್ಟು ಹೊತ್ತಿಗೊಮ್ಮೆ ಕೂರಿಸುತ್ತೀರಿ, ಟಾಯ್ಲೆಟ್ ಎಲ್ಲಿದೆ, ಲಿಫ್ಟ್ ಇದೆಯಾ ಅಂತ ಕೇಳಿ. ಕೊಲೋಸಿಯಂನಲ್ಲಿ ಲಿಫ್ಟ್ ಇದೆ. ನಿಮ್ಮ ಗೈಡ್ ಅದನ್ನು ಹೇಳದೆ ಆ ಕಡಿದಾದ ಮೆಟ್ಟಿಲು ಹತ್ತಿಸಿದ್ದು ತಪ್ಪು, ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ಗೈಡ್ ಮಾತು ಕೇಳಲು ಗುಂಪಿನವರಿಗೆ ಕೊಟ್ಟ ಇಯರ್‌ಫೋನ್ ಬಗ್ಗೆ ಬರೆದದ್ದು ಓದಿ ನಗು ಬಂತು. ನೀವಿನ್ನೂ ರಸ್ತೆ ದಾಟುತ್ತಿದ್ದೀರಿ, ಕಿವಿಯಲ್ಲಿ "ಈಗ ಎಡಕ್ಕೆ ನೋಡಿ" ಅಂತ ಬರುತ್ತೆ, ಎಡಕ್ಕೆ ನೋಡಿದರೆ ಐಸ್‌ಕ್ರೀಂ ಅಂಗಡಿ. ದೊಡ್ಡ ಗುಂಪಿನಲ್ಲಿ ಅಜ್ಜಿ-ಮೊಮ್ಮಕ್ಕಳ ಕುಟುಂಬ ಯಾವಾಗಲೂ ಬಾಲದಲ್ಲೇ ಇರುತ್ತದೆ. ನಿಮ್ಮ ಜಗಳದ ಮೂಲವೂ ಇದೇ ಅನ್ನಿಸುತ್ತೆ. ನಿಮ್ಮವರಿಗೆ ಗುಂಪು ತಪ್ಪಿಸಿಕೊಳ್ಳುವ ಭಯ, ನಿಮಗೆ ಅತ್ತೆಯನ್ನು ಹಿಂದೆ ಬಿಡೋಕೆ ಮನಸ್ಸಿಲ್ಲ. ಐದು ಜನಕ್ಕೆ ತಲೆಗಿಷ್ಟು ಅಂತ ಗುಂಪಿನ ಟೂರಿಗೆ ಕೊಟ್ಟ ದುಡ್ಡನ್ನು ಒಟ್ಟು ಕೂಡಿ ನೋಡಿ. ಅಷ್ಟರ ಆಸುಪಾಸಿನಲ್ಲೇ ನಿಮಗಷ್ಟೇ ಅಂತ ಒಬ್ಬ ಗೈಡ್ ಅರ್ಧ ದಿನಕ್ಕೆ ಸಿಗುವ ಸಾಧ್ಯತೆ ಇದೆ. ಇಟಲಿಯಲ್ಲಿ ಗೈಡ್ ಕೆಲಸಕ್ಕೆ ಲೈಸೆನ್ಸ್ ಬೇಕು, ಅದು ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ನಿಮ್ಮದೇ ಗೈಡ್ ಆದರೆ ಅಜ್ಜಿ ಕೂತಾಗ ಅವರೂ ಕೂರುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದದ್ದು ಬ್ರಾಕೆಟ್ಟಿನೊಳಗೆ ಬರೆದ ಒಂದು ಸಾಲು. ಮಗ ಕೊಲೋಸಿಯಂನ ಕಮಾನಿನ ಮೇಲೆ 44 ಅನ್ನು ರೋಮನ್ ಅಂಕಿಯಲ್ಲಿ "ತಪ್ಪಾಗಿ" ಬರೆದಿದ್ದಾರೆ ಅಂದ, ಗೈಡ್ ನಿಲ್ಲದೆ ಮುಂದೆ ಹೋದರು, ನೀವು "ಸುಮ್ನೆ ಬಾರೋ" ಅಂದಿರಿ. ಮೇಡಂ, ಹುಡುಗ ನೋಡಿದ್ದು ಸರಿ! ಶಾಲೆಯಲ್ಲಿ ಕಲಿಸುವ ಪ್ರಕಾರ ಎಕ್ಸ್, ಎಲ್, ಐ, ವಿ ಅಂತ ಇರಬೇಕು. ಅಲ್ಲಿ ಎಕ್ಸ್, ಎಲ್ ಆದಮೇಲೆ ಸಾಲಾಗಿ ನಾಲ್ಕು ಐ ಕೆತ್ತಿದ್ದಾರೆ. ನಾಲ್ಕನ್ನು ಅವರು ಅಲ್ಲಿ ಹಾಗೇ ಬರೆದದ್ದು, ನಲವತ್ತಕ್ಕೆ ಮಾತ್ರ ಐವತ್ತರಲ್ಲಿ ಹತ್ತು ಕಳೆಯುವ ಲೆಕ್ಕ. ಕೆಳಗಿನ ಸಾಲಿನಲ್ಲಿ 80 ಕಮಾನುಗಳಿದ್ದವು, ಅದರಲ್ಲಿ 76ಕ್ಕೆ ನಂಬರ್. ಈಗಿನ ಸ್ಟೇಡಿಯಂ ಟಿಕೆಟ್‌ನಲ್ಲಿ ಗೇಟ್ ನಂಬರ್ ಇರುತ್ತಲ್ಲ, ಅದೇ ಥರದ ಏರ್ಪಾಟು. ಹೊರಗೋಡೆ ಉಳಿದಿರುವ ಕಡೆ 23ರಿಂದ 54ರವರೆಗಿನ ನಂಬರ್ ಇನ್ನೂ ಓದಬಹುದು. ಗುಂಪಿನ ಟೂರಿನಲ್ಲಿ ಇದಕ್ಕೆ ನಿಲ್ಲೋಕೆ ಪುರುಸೊತ್ತು ಇರುವುದಿಲ್ಲ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಉದ್ಘಾಟನೆ ಮಾಡಿದ ಅಂತ ಹೇಳಿ ಮುಂದೆ ಹೋಗುತ್ತಾರೆ. ಮಗನಿಗೆ ಅವನು ಹೇಳಿದ್ದು ಸರಿ ಅಂತ ದಯವಿಟ್ಟು ತಿಳಿಸಿ.

ಬಸ್ ಬಗ್ಗೆ ಕೇಳಿದ್ದೀರಿ. ಬೇಡ. ಪ್ಯಾಂಥಿಯನ್ ಸುತ್ತಲಿನ ಸಣ್ಣ ಬೀದಿಗಳಿಗೆ ದೊಡ್ಡ ಬಸ್ ಬರುವುದೇ ಇಲ್ಲ, ಹೇಗೂ ಇಳಿದು ನಡೆಯಬೇಕು.

ನಾನಾಗಿದ್ದರೆ ಅದೇ ದಿನವನ್ನು ಎರಡಾಗಿ ಒಡೆಯುತ್ತಿದ್ದೆ. ಕೊಲೋಸಿಯಂನ ಸಾಮಾನ್ಯ ಟಿಕೆಟ್ 18 ಯೂರೋ, 18 ತುಂಬದ ಮಕ್ಕಳಿಗೆ ಉಚಿತ, ಫೋರಂ ಮತ್ತು ಪ್ಯಾಲಟೈನ್ ಅದರಲ್ಲೇ ಸೇರಿದೆ, 24 ಗಂಟೆ ನಡೆಯುತ್ತದೆ. ಅಂದರೆ ಕೊಲೋಸಿಯಂ ಒಂದು ಸಂಜೆ ನೋಡಿ, ಫೋರಂಗೆ ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಹೋಗಬಹುದು. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ, ಸುಡುಬಿಸಿಲಲ್ಲಿ, ನೆರಳೇ ಇಲ್ಲದ ಕಡೆ ಮುಗಿಸಬೇಕು ಅಂತ ಯಾರೂ ಹೇಳಿಲ್ಲ, ಟೂರ್ ಮಾಡುವವರು ಬಿಟ್ಟು. ಫೋರಂ ಮುಗಿದ ಕೂಡಲೇ ಗೈಡ್‌ಗೆ ನಮಸ್ಕಾರ ಹೇಳಿ ಊಟ, ನಿದ್ದೆ. ಜುಲೈ ಮಧ್ಯಾಹ್ನ ಹೊರಗಿರುವುದೇ ಬೇಡ.

ಸಂಜೆಯ ನಡಿಗೆಗೆ ಗೈಡ್ ಬೇಕಿಲ್ಲ. ಪಿಯಾಜ್ಜಾ ನವೋನಾದಿಂದ ಟ್ರೆವಿವರೆಗೆ ಮೆಲ್ಲಗೆ ಹೋದರೂ ಅರ್ಧ ಗಂಟೆ ಸಾಕು, ದಾರಿಯಲ್ಲಿ ಎಲ್ಲಾ ಸಿಗುತ್ತೆ. ಪ್ಯಾಂಥಿಯನ್‌ಗೆ 2023ರ ಜುಲೈಯಿಂದ ಟಿಕೆಟ್ ಮಾಡಿದ್ದಾರೆ, ಆಗ 5 ಯೂರೋ ಇತ್ತು. ಒಳಗೆ ಹೋದರೆ ನೆಲದಿಂದ ಮೇಲಿನ ತೂತಿನವರೆಗೆ ಎಷ್ಟು ಎತ್ತರವೋ ಗುಮ್ಮಟ ಅಷ್ಟೇ ಅಗಲ, 43 ಮೀಟರ್ ಚಿಲ್ಲರೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟು, ಮೇಲೆ ಹೋದ ಹಾಗೆ ಹಗುರವಾದ ಕಲ್ಲು ಬೆರೆಸುತ್ತಾ ಹೋಗಿದ್ದಾರೆ. ಮಳೆ ಬಂದರೆ ತೂತಿನಿಂದ ಒಳಗೇ ಸುರಿಯುತ್ತದೆ, ನೀರು ಹರಿದುಹೋಗಲು ನೆಲದಲ್ಲಿ ಸಣ್ಣ ರಂಧ್ರಗಳಿವೆ, ಮಕ್ಕಳು ಹುಡುಕಲಿ. ಹಿಂದುಗಡೆ ಶಿಲ್ಪಿ ಬರ್ನಿನಿಯ ಕಲ್ಲಿನ ಆನೆ, ಬೆನ್ನ ಮೇಲೆ ಈಜಿಪ್ಟಿನ ಕಲ್ಲುಕಂಬ ಹೊತ್ತು 1667ರಿಂದ ನಿಂತಿದೆ. ಅದರ ಎದುರಿನ ಚರ್ಚು ತಂಪು, ಬೆಂಚುಗಳಿವೆ, ದುಡ್ಡು ಕೊಡಬೇಕಿಲ್ಲ, ಅತ್ತೆ ಕೂರಬಹುದು. ಭುಜ ಮುಚ್ಚಿದ್ದರೆ ಆಯಿತು.

ಇನ್ನೊಂದು ಜಾಗ ಹೇಳಲೇಬೇಕು. ಪ್ಯಾಂಥಿಯನ್‌ಗೂ ಟ್ರೆವಿಗೂ ನಡುವೆ ಸಂತ ಇಗ್ನೇಷಿಯಸ್ ಚರ್ಚು. ಒಳಗೆ ಮುಂದೆ ನಡೆದು ನೆಲದಲ್ಲಿ ಗುರುತು ಹಾಕಿರುವ ಕಡೆ ನಿಂತು ತಲೆ ಎತ್ತಿದರೆ ದೊಡ್ಡ ಗುಮ್ಮಟ ಕಾಣುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಗುಮ್ಮಟ ಸೊಟ್ಟಗಾಗುತ್ತದೆ. ಇನ್ನೂ ಮುಂದೆ ಹೋಗಿ, ಗುಮ್ಮಟವೇ ಇಲ್ಲ! ಅಲ್ಲಿ ಗುಮ್ಮಟ ಕಟ್ಟಲೇ ಇಲ್ಲ. ಆಂಡ್ರಿಯಾ ಪೊಜ್ಜೊ ಅನ್ನುವ ಕಲಾವಿದ 1685ರಲ್ಲಿ ಚಪ್ಪಟೆ ಕ್ಯಾನ್ವಾಸಿನ ಮೇಲೆ ಬಿಡಿಸಿಟ್ಟ ಚಿತ್ರ ಅದು. ನಿಮ್ಮ ಟೂರ್ ಇದರ ಪಕ್ಕದಲ್ಲೇ ಹೋಗಿದೆ, ಒಳಗೆ ಹೋಗಿಲ್ಲ. ಬೇಜಾರಾಗುತ್ತೆ.

ನೀರಿನ ಕಥೆಗಂತೂ ಅಳುವ ಅಗತ್ಯವೇ ಇರಲಿಲ್ಲ. ಊರ ತುಂಬಾ ಮೋಟು ಕಂಬದಂಥ ಎರಕದ ಕಬ್ಬಿಣದ ನಲ್ಲಿಗಳಿವೆ, ನಾಸೋನಿ ಅನ್ನುತ್ತಾರೆ, 1870ರ ದಶಕದಿಂದ ಇವೆ. ಹಗಲು ರಾತ್ರಿ ತಣ್ಣನೆಯ ಕುಡಿಯುವ ನೀರು ಹರಿಯುತ್ತಲೇ ಇರುತ್ತದೆ. ಬಾಗಿದ ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಬಾಟಲಿ ಒಂದಿದ್ದರೆ ಸಾಕು. ಇದನ್ನು ಹೇಳದ ಗೈಡ್ ಇನ್ನೇನು ಹೇಳಿದರೂ ನನಗೆ ಗೈಡ್ ಅಲ್ಲ.

ಇನ್ನು ಬಿಡಿ ಪ್ರಶ್ನೆಗಳು. ಸ್ಪ್ಯಾನಿಷ್ ಮೆಟ್ಟಿಲ ಮೇಲೆ 2019ರಿಂದ ಕೂರುವ ಹಾಗಿಲ್ಲ, 400 ಯೂರೋವರೆಗೆ ದಂಡ ಇದೆ. ವಿಸಿಲ್‌ನಲ್ಲೇ ಮುಗಿದದ್ದು ಪುಣ್ಯ. ಆದರೆ ಗೈಡ್ ಮೊದಲೇ ಎಚ್ಚರಿಸಬೇಕಿತ್ತು.

ನವೋನಾದ ಕಾರಂಜಿಯಲ್ಲಿ ಒಂದು ಮೂರ್ತಿ ಕೈ ಎತ್ತಿರುವುದು ಎದುರಿನ ಚರ್ಚು ಬೀಳುತ್ತದೆ ಅನ್ನುವ ಭಯಕ್ಕೆ, ಕಾರಂಜಿ ಮಾಡಿದ ಬರ್ನಿನಿ ಆ ಚರ್ಚಿನ ವಾಸ್ತುಶಿಲ್ಪಿಯಾದ ತನ್ನ ಎದುರಾಳಿ ಬೊರೊಮಿನಿಯನ್ನು ಅಣಕಿಸಿದ್ದು ಅಂತ ಗೈಡ್ ಹೇಳಿದರು, ಮಗಳು ಅದು ಸುಳ್ಳು ಅಂತಾಳೆ, ಯಾರು ಸರಿ ಅಂತ ಕೇಳಿದ್ದೀರಿ. ಮಗಳು ಸರಿ. ಕಾರಂಜಿ ಮುಗಿದದ್ದು 1651ರಲ್ಲಿ, ಚರ್ಚಿನ ಕೆಲಸ ಶುರುವಾದದ್ದು 1652ರಲ್ಲಿ. ಇಲ್ಲದ ಚರ್ಚಿಗೆ ಹೆದರುವುದು ಹೇಗೆ? ಕಥೆ ಚೆನ್ನಾಗಿದೆ, ಹೇಳಲಿ, "ಜನ ಹೀಗಂತಾರೆ" ಅಂತ ಸೇರಿಸಿ ಹೇಳಲಿ. ಅದೇ ಕಾರಂಜಿಯಲ್ಲಿ ಹುಟ್ಟು ಹಿಡಿದು ಕೂತಿರುವ ಗಡ್ಡದವನು ನಮ್ಮ ಗಂಗಾ ನದಿ, ಅಲ್ಲಿ ಗಂಡಸಾಗಿದ್ದಾನೆ. ಇದು ಮಾತ್ರ ನಿಜ.

ಟಿಪ್ಸ್ ಕೊಡದಿದ್ದಕ್ಕೆ ಗೈಡ್ ಮುಖ ಸಣ್ಣಗಾಯಿತು ಅಂದಿರಿ. ದುಡ್ಡು ಕಟ್ಟಿದ ಟೂರಿನಲ್ಲಿ ಅದು ನಿಮ್ಮ ಇಷ್ಟ, ಕಡ್ಡಾಯ ಅಲ್ಲ. "ಉಚಿತ ಟೂರ್" ಅಂತ ಇರುತ್ತಲ್ಲ, ಅಲ್ಲಿ ಮಾತ್ರ ಕೊಡದೆ ಜಾರಿಕೊಳ್ಳಬೇಡಿ, ಆ ಗೈಡ್‌ಗೆ ಸಂಬಳ ಅಂದರೆ ಅದೇ.

ಕೊನೆಯದು ಅತ್ತೆಯವರ ಪ್ರಶ್ನೆ, ಟ್ರೆವಿಯಲ್ಲಿ ಹಾಕಿದ ನಾಣ್ಯ ಯಾರ ಜೇಬಿಗೆ ಹೋಗುತ್ತೆ ಅಂತ. ನಗರಸಭೆ ಅದನ್ನು ಎತ್ತಿಸಿ ಕಾರಿತಾಸ್ ಅನ್ನುವ ಚರ್ಚಿನ ಸೇವಾಸಂಸ್ಥೆಗೆ ಕೊಡುತ್ತದೆ, ಬಡವರ ಊಟಕ್ಕೆ, ವಸತಿಗೆ ಖರ್ಚಾಗುತ್ತದೆ. ವರ್ಷಕ್ಕೆ ಹತ್ತು ಲಕ್ಷ ಯೂರೋಗೂ ಜಾಸ್ತಿ ಕೂಡುತ್ತದೆ. ಅವರ ನಾಣ್ಯ ನೀರುಪಾಲಾಗಿಲ್ಲ ಅಂತ ಹೇಳಿ.