ಆರ್ಫಿಯಸ್ ಹಿಂದಿರುಗಿ ನೋಡಿದ್ದು ನಂಬಿಕೆ ಸಾಲದೆಯೇ? ಅದರ ಆಧ್ಯಾತ್ಮಿಕ ಅರ್ಥವೇನು?

ಆರ್ಫಿಯಸ್ ಗ್ರೀಕ್ ಪುರಾಣದ ವಾದ್ಯಗಾರ. ಸತ್ತ ಹೆಂಡತಿ ಯೂರಿಡಿಸಿಯನ್ನು ಕರೆತರಲು ಪಾತಾಳಕ್ಕೆ ಹೋದ. ಬೆಳಕಿಗೆ ಬರುವವರೆಗೆ ಹಿಂದೆ ತಿರುಗಿ ನೋಡಬಾರದು ಎಂಬ ಷರತ್ತಿನ ಮೇಲೆ ಅವಳನ್ನು ಬಿಟ್ಟುಕೊಟ್ಟರು, ಅವನು ನೋಡಿಬಿಟ್ಟ, ಅವಳು ಮತ್ತೆ ಸತ್ತಳು. ನಾನೂ ಒಂದು ಕಾಲಕ್ಕೆ ಹೀಗೇ ಕೇಳುತ್ತಿದ್ದೆ. ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತ ಈಗ ಅನ್ನಿಸುತ್ತದೆ. "ನಂಬಿಕೆ ಸಾಲಲಿಲ್ಲ, ಅದಕ್ಕೇ ಹೆಂಡತಿಯನ್ನು ಕಳೆದುಕೊಂಡ" ಅನ್ನುವುದು ಆಮೇಲಿನವರು ಅಂಟಿಸಿದ ನೀತಿ.

ಮೂಲಗಳನ್ನೇ ನೋಡಿ. ಪ್ಲೇಟೋ ಪ್ರೀತಿಯ ಬಗ್ಗೆ ಬರೆದ ಸಂವಾದ ಸಿಂಪೋಸಿಯಂನಲ್ಲಿ (ಕ್ರಿ.ಪೂ. 4ನೇ ಶತಮಾನ) ಫೀಡ್ರಸ್ ಎಂಬ ಪಾತ್ರ ಈ ಕಥೆ ಎತ್ತುತ್ತಾನೆ, ಅಲ್ಲಿ ತಿರುಗಿ ನೋಡುವ ಮಾತೇ ಇಲ್ಲ. ಪ್ರೀತಿಗಾಗಿ ಸಾಯುವ ಎದೆಗಾರಿಕೆ ಈ ವಾದ್ಯಗಾರನಿಗೆ ಇರಲಿಲ್ಲ, ಜೀವಂತವಾಗಿಯೇ ಪಾತಾಳಕ್ಕೆ ನುಸುಳಲು ನೋಡಿದ, ಹಾಗಾಗಿ ದೇವತೆಗಳು ಯೂರಿಡಿಸಿಯ ನೆರಳನ್ನಷ್ಟೇ ತೋರಿಸಿ ಬರಿಗೈಲಿ ಕಳಿಸಿದರು ಅನ್ನುತ್ತಾನೆ. ಷರತ್ತು ಮುರಿದ ಕಥೆ ನಮಗೆ ಮುಖ್ಯವಾಗಿ ಬಂದದ್ದು ರೋಮಿನ ಕವಿಗಳಿಂದ. ವರ್ಜಿಲ್ ತನ್ನ ಜಾರ್ಜಿಕ್ಸ್ ಕಾವ್ಯದ 4ನೇ ಭಾಗದಲ್ಲಿ, ಇನ್ನೇನು ಬೆಳಕು ಬಂತು ಅನ್ನುವಾಗ ಆರ್ಫಿಯಸ್‌ಗೆ ತಟಕ್ಕನೆ ಹುಚ್ಚು ಹಿಡಿದು ಷರತ್ತು ಮರೆತೇಹೋಯಿತು ಅನ್ನುತ್ತಾನೆ. ಸತ್ತವರಿಗೆ ಕ್ಷಮಿಸಲು ಬರುವಂತಿದ್ದರೆ ಕ್ಷಮಿಸಬಹುದಾದ ತಪ್ಪು ಅಂತಲೂ ಸೇರಿಸುತ್ತಾನೆ. ಓವಿಡ್‌ನಲ್ಲಿ, ಅವಳು ಸೋತು ಹಿಂದುಳಿದಳೇನೋ ಎಂಬ ಭಯ, ನೋಡುವ ಆಸೆ. ಈ ಭಯವನ್ನು ಬೇಕಾದರೆ ಅಪನಂಬಿಕೆ ಅಂತ ಎಳೆಯಬಹುದು, ಆದರೆ ಓವಿಡ್ ಅದನ್ನು ಪ್ರೀತಿಯ ಲೆಕ್ಕಕ್ಕೇ ಹಾಕುತ್ತಾನೆ: ಎರಡನೇ ಸಲ ಸಾಯುವಾಗಲೂ ಅವಳು ಗಂಡನನ್ನು ದೂರಲಿಲ್ಲ, ತನ್ನನ್ನು ಪ್ರೀತಿಸಿದ್ದನ್ನು ಬಿಟ್ಟು ದೂರುವುದಕ್ಕೇನಿತ್ತು?

ಆಧ್ಯಾತ್ಮಿಕ ಅರ್ಥ ಬೇಕಿದ್ದರೆ ಈ ಪ್ರೇಮಕಥೆಯನ್ನು ಪಕ್ಕಕ್ಕಿಟ್ಟು, ಆರ್ಫಿಯಸ್ ಹೆಸರಿನ ಪಂಥದವರದು ಅಂತ ಹಲವರು ಹೇಳುವ ಗೋರಿಗಳ ಕಡೆ ಬನ್ನಿ. ದಕ್ಷಿಣ ಇಟಲಿಯ ಹಿಪ್ಪೋನಿಯನ್‌ನಲ್ಲಿ 1969ರಲ್ಲಿ ಒಬ್ಬ ಹೆಂಗಸಿನ ಗೋರಿಯಿಂದ ಸಣ್ಣದೊಂದು ಚಿನ್ನದ ತಗಡು ಸಿಕ್ಕಿತು, ಸುಮಾರು ಕ್ರಿ.ಪೂ. 400ರದ್ದು. ಸತ್ತ ಮೇಲೆ ಏನು ಮಾಡಬೇಕೆಂದು ಅದು ದಾರಿ ಹೇಳಿಕೊಡುತ್ತದೆ. ಬಲಗಡೆ ಬಿಳಿಯ ಸೈಪ್ರೆಸ್ ಮರದ ಹತ್ತಿರ ಒಂದು ಚಿಲುಮೆ ಇದೆ. ಇಳಿದು ಬಂದ ಆತ್ಮಗಳೆಲ್ಲ ಅಲ್ಲೇ ದಣಿವಾರಿಸಿಕೊಳ್ಳುತ್ತವೆ, ನೀನು ಹತ್ತಿರವೂ ಸುಳಿಯಬೇಡ. ಮುಂದೆ ಹೋದರೆ ನೆನಪಿನ ಕೆರೆಯಿಂದ ಹರಿದುಬರುವ ತಣ್ಣನೆಯ ನೀರು, ಅದಕ್ಕೆ ಕಾವಲುಗಾರರು. ಕತ್ತಲಲ್ಲಿ ಏನು ಹುಡುಕುತ್ತಿದ್ದೀಯ ಅಂತ ಕೇಳುತ್ತಾರೆ. "ನಾನು ಭೂಮಿಯ, ನಕ್ಷತ್ರ ತುಂಬಿದ ಆಕಾಶದ ಕೂಸು, ಬಾಯಾರಿ ಸಾಯುತ್ತಿದ್ದೇನೆ, ನೀರು ಕೊಡಿ" ಅನ್ನಬೇಕು. ಕೊಡುತ್ತಾರೆ. ಆಮೇಲೆ ದೀಕ್ಷೆ ಪಡೆದವರು ನಡೆದ ಪವಿತ್ರ ದಾರಿ.

ಎಲ್ಲ ಆತ್ಮಗಳೂ ಎಡವುವುದು ಮೊದಲ ಚಿಲುಮೆಯಲ್ಲೇ. ಬಾಯಾರಿಕೆ ಅಷ್ಟಿರುವಾಗ ಮೊದಲು ಕಂಡ ನೀರಿಗೆ ಬಾಯಿ ಹಾಕದಿರುವುದು ಸುಲಭವಲ್ಲ. ಅದು ಮರೆವಿನ ನೀರು ಎಂದು ತಗಡು ಹೆಸರಿಟ್ಟು ಹೇಳುವುದಿಲ್ಲ, ವಿದ್ವಾಂಸರು ಹಾಗೆ ಓದುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ.

ಒಂದು ಎಚ್ಚರಿಕೆ. ಇಂಥ ತಗಡುಗಳಲ್ಲಿ ಆರ್ಫಿಯಸ್‌ನ ಹೆಸರೇ ಇಲ್ಲ, ಇವನ್ನು ಅವನ ಪಂಥದವು ಅನ್ನಬಹುದೇ ಎಂಬ ಜಗಳ ಇನ್ನೂ ನಿಂತಿಲ್ಲ. ಕಪ್ಪು ಸಮುದ್ರದ ದಡದ ಓಲ್ಬಿಯಾದಲ್ಲಿ ಸಿಕ್ಕ ಕ್ರಿ.ಪೂ. 5ನೇ ಶತಮಾನದ ಮೂಳೆಯ ಬಿಲ್ಲೆಯ ಮೇಲಾದರೋ "ಬದುಕು ಸಾವು ಬದುಕು, ಸತ್ಯ" ಎಂಬ ಪದಗಳ ಜೊತೆ ಗ್ರೀಕ್ ದೇವರು ಡಯೊನಿಸಸ್‌ನ ಹೆಸರಿನ ಮೊದಲಕ್ಷರಗಳಿವೆ, ಆರ್ಫಿಯಸ್ ಪಂಥದವರನ್ನು ಸೂಚಿಸುವ ಪದವೂ ಇದೆ.

ಎಲ್ಲಿಂದ ಓದಲಿ ಅಂದರೆ, ಹಿಪ್ಪೋನಿಯನ್ ತಗಡಿನ ಅನುವಾದದಿಂದ. ಆರ್ಫಿಯಸ್ ಹೆಸರಿನಲ್ಲಿರುವ 87 ಸ್ತೋತ್ರಗಳಿಂದ ಶುರುಮಾಡಬೇಡಿ. ಅವು ಬಹುಶಃ ಕ್ರಿಸ್ತಶಕದವು, ತಗಡಿಗಿಂತ ಎಷ್ಟೋ ಶತಮಾನ ಈಚಿನವು. ಓದಲೇಬೇಕಿದ್ದರೆ 77ನೆಯದು ಸಾಕು. ಅದು ನೆನಪಿನ ದೇವತೆ ನೆಮೊಸಿನಿಯದು, ಅದಕ್ಕೆ ಹೇಳಿರುವ ಧೂಪ ನಮ್ಮ ಸಾಂಬ್ರಾಣಿಯನ್ನು ಹೋಲುವ ಅರೇಬಿಯದ ಅಂಟು. ದೀಕ್ಷೆ ಪಡೆದವರಲ್ಲಿ ಆಚರಣೆಯ ನೆನಪನ್ನು ಎಬ್ಬಿಸು, ಮರೆವನ್ನು ದೂರ ಓಡಿಸು ಅಂತ ಬೇಡುತ್ತದೆ.