ಜೂನ್ 5ಕ್ಕೆ ಹಚ್ಚಿದ ಸಸಿ ಯಾಕೆ ಒಣಗಿತು?

ಮಕ್ಕಳು ಮತ್ತು ಪರಿಸರದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಆಯ್ದುಕೊಂಡಿದ್ದೇವೆ. ಉತ್ತರಿಸಿದವರು ಧಾರವಾಡ ಭಾಗದ ಶಾಲೆಗಳಲ್ಲಿ ಪರಿಸರ ಶಿಕ್ಷಣದ ತರಬೇತಿ ಕೊಡುವ ತಜ್ಞರು.

ಪ್ರಶ್ನೆ: ಮಗ ಐದನೇ ಇಯತ್ತೆ. ಪರಿಸರ ದಿನಕ್ಕೆ ಶಾಲೆಯಲ್ಲಿ ಕೊಟ್ಟ ಸಸಿಯನ್ನು ಮನೆ ಮುಂದೆ ಹಚ್ಚಿದ್ದ. ಸ್ವಲ್ಪೇ ದಿನದಲ್ಲಿ ಒಣಗಿ ಹೋಯಿತು. ಹೋದ ವರ್ಷವೂ ಹಿಂಗೇ ಆಗಿತ್ತು. ‘ನನ್ನ ಕೈಗುಣಾನೇ ಸರಿ ಇಲ್ಲ, ಇನ್ನ ಹಚ್ಚೂದಿಲ್ಲ’ ಅಂತ ಹಟ ಹಿಡಿದಾನ. ಏನು ಹೇಳಲಿ?
– ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಕ್ಕಾ, ಅವನ ಕೈಗುಣಕ್ಕೆ ಏನೂ ಆಗಿಲ್ಲ. ಬಹುಮಟ್ಟಿಗೆ ತಪ್ಪಿದ್ದು ತಾರೀಖು. ಜೂನ್ 5 ವಿಶ್ವಸಂಸ್ಥೆಯ ದಿನ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಸಮ್ಮೇಳನದ ನೆನಪಿಗೆ ಇಟ್ಟುಕೊಂಡದ್ದು. ನಮ್ಮ ಭಾಗದ ರೈತರು ಕಾಯುವುದು ಮಿರಗದ (ಮೃಗಶಿರಾ) ಮಳೆಯನ್ನು. ಅದು ಕೂಡುವುದೇ ಜೂನ್ 7–8ಕ್ಕೆ, ಅದೂ ಕೆಲವು ವರ್ಷ ಕೈಕೊಡುತ್ತದೆ. ಕಾದ ನೆಲಕ್ಕೆ ಎಳೆ ಬೇರು ಇಳಿಸಿ, ಫೋಟೊ ತೆಗೆದು, ನೀರಿನ ಭಾರವನ್ನು ದೇವರ ಮೇಲೆ ಹಾಕಿದರೆ ಸಸಿ ಉಳಿಯುವುದು ಕಷ್ಟ. ಎರಡು ಒಳ್ಳೆಯ ಮಳೆ ಆದ ಮೇಲೆ, ಇಲ್ಲವೇ ಜೂನ್ 21ರ ಹೊತ್ತಿಗೆ ಕೂಡುವ ಆರಿದ್ರಿ (ಆರಿದ್ರಾ) ಮಳೆಗೆ ಹಚ್ಚಿ. ಇನ್ನೊಂದು, ಸಸಿಯ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ ಪೂರಾ ತೆಗೆದಿದ್ದಿರಾ? ಚೀಲ ಸಮೇತ ಕುಣಿಯಲ್ಲಿಟ್ಟು ಮಣ್ಣು ಮುಚ್ಚಿದ್ದನ್ನು ನಾನು ಶಾಲೆ ಶಾಲೆಗಳಲ್ಲಿ ನೋಡಿದ್ದೇನೆ.

ಆದರೆ ಹುಡುಗನಿಗೆ ಈಗ ಮತ್ತೊಂದು ಸಸಿ ತಂದು ಕೊಡಬೇಡಿ. ಯಾರೋ ಬೆಳೆಸಿ ಕೊಟ್ಟದ್ದರ ಮೇಲೆ ಮಕ್ಕಳಿಗೆ ಮಮತೆ ಕಡಿಮೆ. ಬೀಜದಿಂದ ಶುರು ಮಾಡಲಿ, ಅದಕ್ಕೆ ಬೇವು ಸಲೀಸು. ಮಳೆಗಾಲದ ಆರಂಭದಲ್ಲಿ ಓಣಿಯ ಬೇವಿನಮರದ ಕೆಳಗೆ ಹಳದಿ ಹಣ್ಣು ಬಿದ್ದಿರುತ್ತವೆ. ಕೋಗಿಲೆ, ಗೊರವಂಕಗಳು ತಿಂದು ಉದುರಿಸಿದ ಬೀಜವೂ ಸಿಗುತ್ತದೆ. ಹಣ್ಣು ಹಿಚುಕಿ, ಲೋಳೆ ಹೋಗುವಂತೆ ತೊಳೆದು, ನೆರಳಲ್ಲಿ ಎರಡು ದಿನ ಆರಿಸಿ, ವಾರದೊಳಗೆ ಬಿತ್ತಬೇಕು. ಬೇವಿನ ಬೀಜ ಡಬ್ಬಿಯಲ್ಲಿ ಕಾದಿಟ್ಟರೆ ಮೊಳೆಯುವ ಶಕ್ತಿ ಬೇಗ ಕಳೆದುಕೊಳ್ಳುತ್ತದೆ. ಕುಂಡಕ್ಕೆ ದುಡ್ಡು ಹಾಕಬೇಡಿ, ಹಾಲಿನ ಪಾಕೀಟು ಸಾಕು. ತಳದಲ್ಲಿ ನಾಲ್ಕು ತೂತು ಹಾಕಿ, ಮಣ್ಣು-ಗೊಬ್ಬರ ತುಂಬಿ, ಒಂದೊಂದರಲ್ಲಿ ಎರಡೆರಡು ಬೀಜ. ಹತ್ತು ಪಾಕೀಟಿನಲ್ಲಿ ಎಲ್ಲವೂ ಮೊಳೆಯುವುದಿಲ್ಲ, ಮೊಳೆತದ್ದೆಲ್ಲ ಬದುಕುವುದಿಲ್ಲ. ಅದೂ ಅವನಿಗೆ ಗೊತ್ತಾಗಬೇಕು. ಒಂದೇ ಸಸಿ ಇದ್ದದ್ದಕ್ಕೇ ಅದು ಸತ್ತಾಗ ಅಷ್ಟು ಸಂಕಟ. ದೊಡ್ಡದಾದ ಪಾಕೀಟಿನ ಸಸಿಯನ್ನು ಅಗಲದ ಚೀಲಕ್ಕೆ ಬದಲಿಸಿ, ಬರುವ ವರ್ಷದ ಆರಿದ್ರಿಗೆ ನೆಲಕ್ಕಿಳಿಸಿ. ಸುತ್ತ ಮುಳ್ಳುಕಂಟಿ ಕಟ್ಟಿ, ಓಣಿಯ ಆಡು ಬಿಡುವುದಿಲ್ಲ. ಮೊದಲ ಬೇಸಿಗೆ ನಾಲ್ಕು ದಿನಕ್ಕೊಮ್ಮೆ ಒಂದು ಕೊಡ ನೀರು, ಬುಡಕ್ಕೆ ಒಣಎಲೆಯ ಹೊದಿಕೆ.

ಅಲ್ಲಿಯವರೆಗೆ ಬೀಜ ಕೊಟ್ಟ ಮರವನ್ನೇ ಅವನು ನೋಡುತ್ತಿರಲಿ. ಚಳಿಗಾಲ ಕಳೆಯುವಾಗ ಎಲೆ ಉದುರುವುದು, ಯುಗಾದಿ ಸುಮಾರಿಗೆ ತಾಮ್ರದ ಬಣ್ಣದ ಚಿಗುರು, ಆಮೇಲೆ ಹೂವು. ವಾರಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರೆ ಆಯಿತು. ಹಾಗೆ ಮಕ್ಕಳು ಬರೆದದ್ದನ್ನೇ ಕೂಡಿಸಿ ಮರಗಳ ಋತುಚಕ್ರ ಅಭ್ಯಾಸ ಮಾಡುವ ‘ಸೀಸನ್‌ವಾಚ್’ ಎಂಬ ಯೋಜನೆ ದೇಶದಲ್ಲಿದೆ, ಬೇಕಾದರೆ ಸೇರಿಸಿ.

ಮಣ್ಣೆತ್ತಿನ ಅಮಾವಾಸ್ಯೆಗೆ ಬಣ್ಣ ಬಳಿದ ಎತ್ತು ಪೇಟೆಯಿಂದ ತರಬೇಡಿ ಅಂತಲೂ ಹೇಳಬೇಕು. ಎರಿ ಮಣ್ಣು ತಂದು ಅವನೇ ಮಾಡಲಿ, ಕೋಡು ವಕ್ರ ಆದರೂ ನಡೆಯುತ್ತದೆ. ಪೂಜೆ ಮುಗಿದ ಮೇಲೆ ಒಂದು ಬಕೆಟ್‌ನಲ್ಲಿ ಆ ಎತ್ತು, ಇನ್ನೊಂದರಲ್ಲಿ ಒಂದು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಡು ಹಾಕಿಡಿ. ಮಣ್ಣು ನೋಡನೋಡುತ್ತಲೇ ಕರಗುತ್ತದೆ, ಪಿಒಪಿ ಮರುದಿನವೂ ಹಾಗೇ ಕೂತಿರುತ್ತದೆ. ಗಣೇಶ ಚೌತಿಗೆ ಯಾವ ಮೂರ್ತಿ ತರಬೇಕೆಂದು ಆಮೇಲೆ ಅವನೇ ನಿಮಗೆ ಹೇಳುತ್ತಾನೆ.

ಪ್ರಶ್ನೆ: ಪಿಯುಸಿ ಮೊದಲ ವರ್ಷ ಓದುತ್ತಿದ್ದೇನೆ. ಬಿಸಿಲು, ಬರ, ಪ್ರವಾಹದ ಸುದ್ದಿ ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಮನೆಯಲ್ಲಿ ಹೇಳಿದರೆ ‘ಮೊದಲು ಪರೀಕ್ಷೆ ನೋಡವ್ವಾ’ ಅಂತ ನಗುತ್ತಾರೆ. ನಾನೊಬ್ಬಳು ಏನು ಮಾಡಲಿ?
– ವಿದ್ಯಾರ್ಥಿನಿ, ಗದಗ

ಉತ್ತರ: ತಂಗಿ, ಈ ಚಿಂತೆ ನಿನ್ನೊಬ್ಬಳದೇ ಅಲ್ಲ. ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹವಾಮಾನದ ಬಗ್ಗೆ ವಿಪರೀತ ಚಿಂತೆ ಇದೆ ಎಂದವರು ಶೇ 59. ನಗುವವರು ನಗಲಿ. ಆದರೆ ರಾತ್ರಿ ಮಲಗುವ ಮುಂಚೆ ಮೊಬೈಲ್‌ನಲ್ಲಿ ಸುದ್ದಿ ನೋಡುವುದನ್ನು ಇವತ್ತೇ ಬಿಡು. ನಿದ್ದೆ ಕೆಡುವುದು ಮುಂದುವರಿದರೆ 14416ಕ್ಕೆ ಕರೆ ಮಾಡು. ಅದು ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನೀನೊಬ್ಬಳು ಏನು ಮಾಡಬೇಕೆಂಬ ಮಾತು. ಒಬ್ಬಳೇ ಮಾಡಬೇಡ. ನಿಮ್ಮ ಕಪ್ಪತಗುಡ್ಡವನ್ನೇ ನೋಡು. ಗಣಿಗಾರಿಕೆ ಬೇಡವೆಂದು ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಊರೂರ ಜನ ಹಿಂದೆ ನಿಂತರು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅದಕ್ಕೂ ಮುಂಚೆ 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಗೋಮಾಳದಲ್ಲಿ ಕಾರ್ಖಾನೆಗೆ ಕಟ್ಟಿಗೆಯ ತಿರುಳು ಒದಗಿಸಲು ಹಚ್ಚಿದ್ದ ನೀಲಗಿರಿ ಸಸಿಗಳನ್ನು ಜನ ಕಿತ್ತು, ತಮಗೆ ಬೇಕಾದ ಹಣ್ಣು-ಮೇವಿನ ಗಿಡ ಹಚ್ಚಿದರು. ಅದು ಮಕ್ಕಳ ದಿನ ಕೂಡ, ನಮ್ಮ ಶಾಲೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಚಳಿಗಾಲದಲ್ಲಿ ನಾಲ್ಕು ಗೆಳತಿಯರನ್ನು ಕರೆದುಕೊಂಡು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗು. 2024ರಲ್ಲಿ ರಾಮ್‌ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿ, ಸೇರಿದ ಕೆರೆ ಅದು. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಲ್ಲಿ ತಂಗುತ್ತವೆ, ಸುತ್ತಲಿನ ಹೊಲಗಳಿಗಿಳಿದು ಮೇಯುತ್ತವೆ. ಫೋಟೊ ಎಲ್ಲರೂ ತೆಗೆಯುತ್ತಾರೆ. ನೀವು ಎಣಿಸಿ, ಬರೆದಿಡಿ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ, ಹದಿನೈದು ನಿಮಿಷ ನೋಡಿದ ಪಟ್ಟಿಯನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಹಾಗೇ ಪಕ್ಕದ ಹೊಲದವರನ್ನೂ ಮಾತಾಡಿಸು. ಹಕ್ಕಿ ಮೇದರೆ ಅವರಿಗೆ ಎಷ್ಟು ಲುಕ್ಸಾನು, ಆದರೂ ಯಾಕೆ ಓಡಿಸುವುದಿಲ್ಲ ಅಂತ ಕೇಳು. ಅವರ ಉತ್ತರ ನಿನ್ನ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಇಕೋ ಕ್ಲಬ್ ಕಾಗದದ ಮೇಲಷ್ಟೇ ಇದೆ. ಅನುದಾನ ಸಾಲದು. ಚಿತ್ರ, ಭಾಷಣ ಸ್ಪರ್ಧೆ ಬಿಟ್ಟು ಏನು ಮಾಡಿಸಬಹುದು?
– ಶಿಕ್ಷಕರು, ಸವಣೂರು

ಉತ್ತರ: ಗುರುಗಳೇ, ಸವಣೂರಲ್ಲಿದ್ದುಕೊಂಡು ಅನುದಾನದ ದಾರಿ ಕಾಯುವುದೇ? ಮಠದ ಆವರಣದ ದೊಡ್ಡ ಹುಣಸೆಗಳ (ಬಾವೊಬಾಬ್ ಮರಗಳ) ಹತ್ತಿರ ಮಕ್ಕಳನ್ನು ಕರೆದೊಯ್ಯಿರಿ. ಕೈ ಕೈ ಹಿಡಿದು ಬುಡ ಸುತ್ತಿ ಅಳೆಯಲಿ. ಆಫ್ರಿಕಾ ಮೂಲದ ಈ ಮರ ಇಲ್ಲಿಗೆ ಹೇಗೆ ಬಂತೆಂದು ಊರ ಹಿರಿಯರನ್ನು ಕೇಳಿ ಬರೆಯಲಿ. ಒಬ್ಬೊಬ್ಬರದು ಒಂದೊಂದು ಕಥೆ ಇರುತ್ತದೆ, ವಿಜ್ಞಾನಕ್ಕೂ ಇತಿಹಾಸಕ್ಕೂ ಒಂದೇ ಪಾಠ.

ಶಾಲೆಯೊಳಗೆ, ಸೋರುವ ನಳದ ಕೆಳಗೆ ಒಂದು ಗಂಟೆ ಬಕೆಟ್ ಇಟ್ಟು, ದಿನಕ್ಕೆ, ತಿಂಗಳಿಗೆ ಎಷ್ಟು ಲೀಟರ್ ಎಂದು ಮಕ್ಕಳೇ ಲೆಕ್ಕ ಹಾಕಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಓದಲಿ. ಬಿಸಿಯೂಟದ ಮೇಲೆ ಕೈ ತೊಳೆದ ನೀರನ್ನು ಕಾಲುವೆ ತೋಡಿ ನುಗ್ಗಿ, ಕರಿಬೇವಿನ ಬುಡಕ್ಕೆ ತಿರುಗಿಸಿ. ಸ್ವಚ್ಛತೆಯ ಹೆಸರಲ್ಲಿ ಬರಿಗೈಯಲ್ಲಿ ಕಸ ಆರಿಸಲು ಮಾತ್ರ ಮಕ್ಕಳನ್ನು ಹಚ್ಚಬೇಡಿ, ಒಡೆದ ಗಾಜು, ಸೂಜಿ ಇರುತ್ತವೆ. ಅಷ್ಟಕ್ಕೂ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧ. ಇನ್ನೂ ಮಾರುವ ಅಂಗಡಿ ಇದ್ದರೆ ಮಕ್ಕಳ ಕೈಯಲ್ಲಿ ಪುರಸಭೆಗೆ ಒಂದು ಅರ್ಜಿ ಬರೆಸಿ, ಸ್ವೀಕೃತಿ ಪಡೆದು, ಉತ್ತರ ಬರುವವರೆಗೆ ತಿಂಗಳಿಗೊಮ್ಮೆ ನೆನಪಿಸಿ.